ಸಂಚಾರಿ ಕಾವಲುಗಾರರು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಚಾಮರಾಜನಗರ ಜಿಲ್ಲೆಗೆ ಸೇರಿವೆ. ಒಂದೆಡೆ ಕಾವೇರಿ ನದಿ, ಇನ್ನೊಂದೆಡೆ ಬಿಳಿಗಿರಿರಂಗನ ಬೆಟ್ಟ, ಮತ್ತೊಂದೆಡೆ ಮಲೆ ಮಹದೇಶ್ವರ ಬೆಟ್ಟಗಳ ಸಾಲು. ಇವುಗಳ ನಡುವೆ ರಾಗಿ, ಜೋಳ, ಹಿಪ್ಪುನೇರಳೆಗಳ ಹೊಲಗಳು. ನಾಡಿನ ಇತರ ಕಡೆಗಳಲ್ಲಿರುವಂತೆ ಇಲ್ಲಿಯ ಹಳ್ಳಿಗಳಲ್ಲಿಯೂ ಎಲೆ ಅಡಿಕೆಯೊಡನೆ ಹೊಗೆಸೊಪ್ಪನ್ನು ಜಗಿಯುವ ಅಭ್ಯಾಸವುಂಟು. ಹೊಗೆಸೊಪ್ಪಿನ ಉಂಡೆಯನ್ನು ಕೆನ್ನೆಯ ಒಳಗೆ ಬಹಳ ಹೊತ್ತು ಇರಿಸಿಕೊಳ್ಳುವವರಲ್ಲಿ ಕೆಲವರಿಗೆ ಅದೇ ಜಾಗದಲ್ಲಿ ಆರದ ಹುಣ್ಣು ತಲೆದೋರುತ್ತದೆ. ಅದು ಬಾಯಿಯ ಕ್ಯಾನ್ಸರ್ ಆಗಿರಬಹುದು. ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಕೂಡ ಭಾರತದಲ್ಲೆಲ್ಲ ಹೆಚ್ಚಾಗಿ ಕಂಡುಬರುವ ವ್ಯಾಧಿ. ಈ ಎರಡು ಬಗೆಯ ಕ್ಯಾನ್ಸರಿಗೂ ವಿಕಿರಣ ಚಿಕಿತ್ಸೆ ಒಂದು ಮುಖ್ಯವಾದ ಪರಿಹಾರ. ಹಳ್ಳಿಯವರು ಇದನ್ನು ‘ಕರೆಂಟು ಕೊಡುವುದು’ ಎಂದು ಕರೆಯುತ್ತಾರೆ.

ಈ ಚಿಕಿತ್ಸೆಗಾಗಿ ಅಲ್ಲಿಯ ರೋಗಿಗಳು ದೊಡ್ಡ ಊರಿಗೆ ಹೋಗಬೇಕಾಗುತ್ತದೆ. ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿಲೋಮೀಟರು ದೂರ. ಬೆಂಗಳೂರು ಅದರ ಎರಡರಷ್ಟಕ್ಕಿಂತ ಹೆಚ್ಚು. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಗೆ ರಾಜ್ಯದ ಎಲ್ಲ ಮೂಲೆಗಳಿಂದಲೂ ರೋಗಿಗಳು ಬರುತ್ತಾರೆ. ಚಿಕಿತ್ಸೆ ಒಂದೆರಡು ದಿನಗಳಲ್ಲಿ ಮುಗಿಯುವುದಿಲ್ಲ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6ರಿಂದ 7 ವಾರ ವಿಕಿರಣವನ್ನು ಕೊಡುತ್ತಾರೆ. ಪ್ರತಿದಿನವೂ ಕಿರಣಗಳು ಬೀಳುವುದು ಕೆನ್ನೆ ಮತ್ತು ಕತ್ತಿನ ಮೇಲೆ ಮಾತ್ರ, ಅದೂ ಕೆಲವೇ ನಿಮಿಷಗಳ ಕಾಲ. ಹೀಗಿದ್ದರೂ ಆಗಾಗ ರೋಗಿಯ ತೋಳಿನಿಂದ ರಕ್ತವನ್ನು ತೆಗೆದು ಪರೀಕ್ಷಿಸುತ್ತಾರೆ. ಬೆಳಕು ಬಿದ್ದದ್ದು ಕೆನ್ನೆಗೆ. ಲೆಕ್ಕ ಕೇಳುವುದು ತೋಳಿನ ರಕ್ತವನ್ನು. ಇದಕ್ಕೆ ಕಾರಣವೇನು?

ಕಾರಣವಿಷ್ಟೆ. ಕೆನ್ನೆ ಇದ್ದಲ್ಲಿಯೇ ಇರುತ್ತದೆ. ರಕ್ತ ಇದ್ದಲ್ಲಿ ಇರುವುದಿಲ್ಲ. ದೇಹವನ್ನು ರೋಗಗಳಿಂದ ಕಾಪಾಡುವ ಕಣಗಳು ಒಂದೇ ಠಾಣೆಯಲ್ಲಿ ಕುಳಿತಿರುವ ಕಾವಲುಗಾರರಲ್ಲ, ಎಡೆಬಿಡದೆ ಸಂಚರಿಸುವವರು. ಆದುದರಿಂದ ದೇಹದ ಒಂದು ಕಡೆ ಬಿದ್ದ ವಿಕಿರಣದ ಪರಿಣಾಮ ಆ ಒಂದು ಕಡೆಗೇ ಮುಗಿಯುವುದಿಲ್ಲ. ಅದು ದಾರಿಹೋಕ ಕಣಗಳಲ್ಲಿ ಕೆಲವನ್ನು ಕೊಲ್ಲುತ್ತದೆ. ಮತ್ತೆ ಕೆಲವನ್ನು ರೋಗವಿದ್ದಲ್ಲಿಗೆ ಕರೆತರುತ್ತದೆ. ಈ ಎರಡು ಕೆಲಸಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದರ ಮೇಲೆ ರೋಗಿಯ ಹಿತವು ಬಹುಮಟ್ಟಿಗೆ ನಿಂತಿದೆ. ಇದನ್ನು ಅರಿಯಬೇಕಾದರೆ ಮೊದಲು ವಿಕಿರಣದ ಸ್ವಭಾವವನ್ನು, ಅನಂತರ ಆ ಕಣಗಳ ಸಂಚಾರಮಾರ್ಗವನ್ನು ತಿಳಿಯಬೇಕು.

ಜರ್ಮನಿಯ ವಿಜ್ಞಾನಿ ರಂಟ್‌ಗನ್ 1895ರ ನವೆಂಬರಿನಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದನು. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಶೋಧಿಸಿದರು. ಇವುಗಳಿಂದ ಹೊಮ್ಮುವ ಕಿರಣಗಳು ಜೀವಕೋಶಗಳನ್ನು ಕೊಲ್ಲಬಲ್ಲವು ಎಂಬುದು ಬೇಗನೆ ತಿಳಿದುಬಂದಿತು. 1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತುವನ್ನು ಬಳಸುವ ಯಂತ್ರಗಳಿಂದ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ಕೊಡುವುದು ಮೊದಲಾಯಿತು. ಇಂದು ಹಲವು ಆಸ್ಪತ್ರೆಗಳಲ್ಲಿ ವಿದ್ಯುಚ್ಛಕ್ತಿಯಿಂದಲೇ ಪ್ರಬಲ ಕಿರಣಗಳನ್ನು ಉತ್ಪಾದಿಸುವ ಯಂತ್ರಗಳಿವೆ.

ಈ ಕಿರಣಗಳು ಜೀವಕೋಶದೊಳಗೆ ಹೊಕ್ಕು, ಅದರ ತಿರುಳಿನಲ್ಲಿರುವ ಡಿಎನ್‌ಎ ಎಂಬ ಎಳೆಗಳನ್ನು ತುಂಡರಿಸುತ್ತವೆ. ಆರೋಗ್ಯವಂತ ಕೋಶವು ಆ ಮುರಿದ ಎಳೆಯನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಕ್ಯಾನ್ಸರಿನ ಕೋಶಕ್ಕೆ ಈ ಶಕ್ತಿ ಕಡಮೆ. ಅದು ಮುಂದೆ ಇಬ್ಭಾಗವಾಗಲು ಹೊರಟಾಗ ಸಾಯುತ್ತದೆ. ದೇಹವು ಹೀರಿಕೊಂಡ ವಿಕಿರಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ದಿನವೊಂದಕ್ಕೆ ಸುಮಾರು 2 ಗ್ರೇಯಂತೆ, ಒಟ್ಟು 60ರಿಂದ 70 ಗ್ರೇಯಷ್ಟು ವಿಕಿರಣವನ್ನು ಬಾಯಿಯ ಕ್ಯಾನ್ಸರಿಗೆ ಕೊಡುವ ರೂಢಿಯಿದೆ. ಇದನ್ನು ಒಂದೇ ದಿನ ಕೊಟ್ಟರೆ ಒಳ್ಳೆಯ ಕೋಶಗಳೂ ಉಳಿಯಲಾರವು. ಒಂದು ದಿನದ ಪೆಟ್ಟಿಗೂ ಮರುದಿನದ ಪೆಟ್ಟಿಗೂ ನಡುವಣ ಬಿಡುವಿನಲ್ಲಿ ಒಳ್ಳೆಯ ಕೋಶಗಳು ಚೇತರಿಸಿಕೊಳ್ಳುತ್ತವೆ. ಚಿಕಿತ್ಸೆ ವಾರಗಟ್ಟಲೆ ನಡೆಯುವುದು ಈ ಕಾರಣದಿಂದ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸಬೇಕು. ಯಂತ್ರದಿಂದ ಹೊರಗಿನಿಂದ ಕೊಟ್ಟ ವಿಕಿರಣವು ರೋಗಿಯ ದೇಹದಲ್ಲಿ ಉಳಿಯುವುದಿಲ್ಲ. ದೀಪ ಆರಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೆ? ಅದರಂತೆಯೇ ಇದೂ. ಚಿಕಿತ್ಸೆ ಪಡೆದು ಮನೆಗೆ ಬಂದವರನ್ನು ಮುಟ್ಟಿದರೆ, ಅವರೊಡನೆ ಕುಳಿತು ಉಂಡರೆ, ಮಕ್ಕಳು ಅವರ ತೊಡೆಯ ಮೇಲೆ ಆಡಿದರೆ ಯಾರಿಗೂ ಏನೂ ಆಗುವುದಿಲ್ಲ.

ಇನ್ನು ಕಾವಲುಗಾರರ ವಿಷಯ. 1882ರಲ್ಲಿ ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್ ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿದ್ದನು. ಆತನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ದೇಹದೊಳಕ್ಕೆ ಸಣ್ಣ ಮುಳ್ಳುಗಳನ್ನು ಚುಚ್ಚಿಟ್ಟನು. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಂಚಾರಿ ಕೋಶಗಳು ಆ ಮುಳ್ಳಿನ ಸುತ್ತ ಗುಂಪುಗೂಡಿದ್ದವು. ಅವು ಎಲ್ಲಿಂದಲೋ ನಡೆದು ಬಂದಿದ್ದವು. ಪರಕೀಯ ವಸ್ತುವನ್ನು ನುಂಗಿ ನಾಶಮಾಡುವ ಕೋಶಗಳು ದೇಹದಲ್ಲಿವೆ ಎಂಬ ಸಿದ್ಧಾಂತವನ್ನು ಆತನು ಮುಂದಿಟ್ಟನು. ಈ ಕಾರ್ಯಕ್ಕಾಗಿ 1908ರಲ್ಲಿ ಪಾಲ್ ಎರ್ಲಿಕ್‌ನೊಡನೆ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಮನುಷ್ಯನ ದೇಹದಲ್ಲಿ ಈ ಕೆಲಸವನ್ನು ಮಾಡುವವು ಬಿಳಿಯ ರಕ್ತಕಣಗಳು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು ಸಾಮಾನ್ಯವಾಗಿ 4,000ದಿಂದ 11,000ದ ವರೆಗೆ ಇರುತ್ತವೆ. ಇವುಗಳಲ್ಲಿ ಹಲವು ಜಾತಿಗಳುಂಟು. ನ್ಯೂಟ್ರೊಫಿಲ್‌ಗಳು ಗಾಯವಾದ ಕೂಡಲೆ ಓಡಿಬರುವ ಕಣಗಳು. ಅವುಗಳ ಆಯುಷ್ಯ ಅಲ್ಪ. ಮಾನೊಸೈಟುಗಳು ರಕ್ತವನ್ನು ಬಿಟ್ಟು ಅಂಗಾಂಶದೊಳಗೆ ಸೇರಿ, ಸತ್ತದ್ದನ್ನೂ ಕೊಳೆತದ್ದನ್ನೂ ನುಂಗುವ ಭಕ್ಷಕ ಕೋಶಗಳಾಗುತ್ತವೆ. ಲಿಂಫೋಸೈಟುಗಳು, ಅಂದರೆ ದುಗ್ಧಕಣಗಳು, ಒಂದೊಂದು ಶತ್ರುವನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲವು. ಎಲ್ಲ ಬಿಳಿಯ ಕಣಗಳ ತವರುಮನೆ ಮೂಳೆಯೊಳಗಿನ ಮಜ್ಜೆ. ಅಲ್ಲಿ ಹುಟ್ಟಿದ ದುಗ್ಧಕಣಗಳಲ್ಲಿ ಒಂದು ಪಂಗಡ ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಗೆ ಹೋಗಿ ಪಳಗುತ್ತದೆ. ಆದುದರಿಂದ ಅವುಗಳಿಗೆ ‘ಟಿ ಕಣ’ಗಳೆಂದು ಹೆಸರು. ಈ ಗ್ರಂಥಿಯ ಮಹತ್ವವನ್ನು 1961ರಲ್ಲಿ ಜಾಕ್ವಿಸ್ ಮಿಲ್ಲರ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಕ್ಯಾನ್ಸರಿನ ಕೋಶವನ್ನು ಗುರುತು ಹಿಡಿದು ಕೊಲ್ಲುವ ಸಾಮರ್ಥ್ಯವುಳ್ಳವು ಮುಖ್ಯವಾಗಿ ಈ ಟಿ ಕಣಗಳೇ.

ಇವುಗಳ ಸಂಚಾರ ಬಹುಕಾಲ ಒಂದು ಒಗಟಾಗಿತ್ತು. ದೇಹದಲ್ಲಿ ರಕ್ತನಾಳಗಳಲ್ಲದೆ ದುಗ್ಧನಾಳಗಳೆಂಬ ಇನ್ನೊಂದು ಜಾಲವಿದೆ. ಅಂಗಾಂಶಗಳಲ್ಲಿ ಒಸರಿದ ದ್ರವವು ಈ ನಾಳಗಳಲ್ಲಿ ಕೂಡಿ ಹರಿದು, ಕತ್ತಿನ ಬುಡದಲ್ಲಿ ರಕ್ತಕ್ಕೆ ಬಂದು ಬೀಳುತ್ತದೆ. ಅದರೊಡನೆ ಪ್ರತಿದಿನವೂ ಅಸಂಖ್ಯಾತ ದುಗ್ಧಕಣಗಳು ರಕ್ತಕ್ಕೆ ಸೇರುತ್ತವೆ. ಆದರೂ ರಕ್ತದಲ್ಲಿ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಹಾಗಾದರೆ ಅವು ಎಲ್ಲಿ ಮಾಯವಾಗುತ್ತವೆ? ಸಾಯುತ್ತವೆಯೆಂದು ಕೆಲವರು, ಬೇರೆ ಕೋಶಗಳಾಗಿ ಮಾರ್ಪಡುತ್ತವೆಯೆಂದು ಕೆಲವರು ಊಹಿಸಿದ್ದರು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜೇಮ್ಸ್ ಗೋವನ್ಸ್ ಎಂಬ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ಇಲಿಗಳ ದುಗ್ಧನಾಳದಿಂದ ದ್ರವವನ್ನು ಹೊರಕ್ಕೆ ಹರಿಯಬಿಟ್ಟನು. ಕೆಲವು ದಿನಗಳಲ್ಲಿಯೇ ದುಗ್ಧಕಣಗಳ ಪ್ರವಾಹ ಬತ್ತಿತು. ಹೊರತೆಗೆದ ಕಣಗಳನ್ನು ಮರಳಿ ರಕ್ತಕ್ಕೆ ಸೇರಿಸಿದಾಗ ಪ್ರವಾಹ ಮತ್ತೆ ತುಂಬಿತು. ಅಂದರೆ ಅವು ಸಾಯುತ್ತಿರಲಿಲ್ಲ. ರಕ್ತದಿಂದ ದುಗ್ಧಗ್ರಂಥಿಗಳಿಗೆ, ಅಲ್ಲಿಂದ ದುಗ್ಧನಾಳಕ್ಕೆ, ನಾಳದಿಂದ ಮತ್ತೆ ರಕ್ತಕ್ಕೆ ಸುತ್ತು ಹಾಕುತ್ತಿದ್ದವು.

ಕೊಳ್ಳೇಗಾಲದ ಸಮೀಪದಲ್ಲಿರುವ ಶಿವನಸಮುದ್ರವನ್ನು ನೋಡಿದವರಿಗೆ ಈ ಸಂಚಾರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಅಲ್ಲಿ ಕಾವೇರಿ ಎರಡು ಕವಲಾಗಿ ಒಡೆಯುತ್ತದೆ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕಿ, ನಡುಗಡ್ಡೆಯನ್ನು ಬಳಸಿ ಬಂದು ಮತ್ತೆ ಒಂದಾಗುತ್ತವೆ. ದೇಹದಲ್ಲಿಯೂ ಹಾಗೆಯೇ, ರಕ್ತ ಮತ್ತು ದುಗ್ಧರಸಗಳೆಂಬ ಎರಡು ಹರಿವುಗಳು ಬೇರೆಯಾಗಿ ಮತ್ತೆ ಕೂಡುತ್ತವೆ. ವ್ಯತ್ಯಾಸವೆಂದರೆ, ನದಿಯ ನೀರು ಮುಂದೆ ಸಾಗಿ ಕಡಲನ್ನು ಸೇರುತ್ತದೆ. ದುಗ್ಧಕಣವು ಅದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ.

ಈ ಪಯಣದಲ್ಲಿ ತಂಗುದಾಣಗಳಿವೆ. ಹನೂರಿನ ಮಾರ್ಗವಾಗಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರಿಷೆಯವರು ಅಲ್ಲಲ್ಲಿ ತಂಗಿ, ನೀರು ಕುಡಿದು, ಮುಂದಿನ ದಾರಿಯ ಸುದ್ದಿಯನ್ನು ಕೇಳಿ ಹೊರಡುವರು. ದುಗ್ಧಕಣವು ರಕ್ತದಲ್ಲಿ ಇರುವುದು ಅರ್ಧ ಗಂಟೆಯಷ್ಟು ಹೊತ್ತು ಮಾತ್ರ. ಒಂದು ದುಗ್ಧಗ್ರಂಥಿಯಲ್ಲಿ ತಂಗುವುದು ಅರ್ಧ ದಿನದಿಂದ ಒಂದು ದಿನದವರೆಗೆ. ಯಾವುದೇ ಒಂದು ಗಳಿಗೆಯಲ್ಲಿ ದೇಹದ ದುಗ್ಧಕಣಗಳಲ್ಲಿ ಶೇಕಡ 2ರಷ್ಟು ಮಾತ್ರ ರಕ್ತದಲ್ಲಿರುತ್ತವೆ. ಉಳಿದವು ಗ್ರಂಥಿಗಳಲ್ಲಿ, ಗುಲ್ಮದಲ್ಲಿ, ಮಜ್ಜೆಯಲ್ಲಿ, ಕರುಳಿನ ಗೋಡೆಯಲ್ಲಿ ಇರುತ್ತವೆ. ಗ್ರಂಥಿಯಲ್ಲಿ ತಂಗಿದಾಗ ಟಿ ಕಣವು ಶತ್ರುವಿನ ಗುರುತನ್ನು ಹುಡುಕುತ್ತದೆ. ಆ ಗುರುತನ್ನು ಹೊತ್ತು ತಂದು ತೋರಿಸುವವು ಮರದ ಕೊಂಬೆಗಳಂತೆ ಚಾಚುಗಳುಳ್ಳ ಡೆಂಡ್ರೈಟಿಕ್ ಕೋಶಗಳು. ಇವುಗಳನ್ನು 1973ರಲ್ಲಿ ವರ್ಣಿಸಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು.

ವೇಗವಾಗಿ ಹರಿಯುವ ರಕ್ತದಿಂದ ಕಣವು ಬೇಕಾದ ಕಡೆ ಇಳಿಯುವುದು ಹೇಗೆ? ಊತವುಂಟಾದ ಜಾಗದ ರಕ್ತನಾಳದ ಒಳಗೋಡೆಯ ಮೇಲೆ ಹಿಡಿಕೆಗಳಂತಹ ಅಣುಗಳು ಮೂಡುತ್ತವೆ. ಕಣವು ಅವುಗಳಿಗೆ ತಗುಲಿ ಉರುಳುತ್ತ ನಿಧಾನವಾಗುತ್ತದೆ. ಆಗ ಅಂಗಾಂಶದಿಂದ ಹೊಮ್ಮುವ ಕೀಮೊಕೈನ್ ಎಂಬ ರಾಸಾಯನಿಕ ಸಂಕೇತಗಳು ಅದಕ್ಕೆ ‘ಇಲ್ಲಿ ಇಳಿ’ ಎಂದು ಸೂಚಿಸುತ್ತವೆ. ಕಣವು ಗೋಡೆಗೆ ಅಂಟಿ ನಿಂತು, ತನ್ನನ್ನು ತೆಳ್ಳಗೆ ಮಾಡಿಕೊಂಡು, ಗೋಡೆಯ ಕೋಶಗಳ ಸಂದಿನಲ್ಲಿ ನುಸುಳಿ ಹೊರಬರುತ್ತದೆ. ಹಿಡಿಕೆಯಿಲ್ಲದ ಕಡೆ, ಸಂಕೇತವಿಲ್ಲದ ಕಡೆ ಅದು ನಿಲ್ಲದೆ ಮುಂದೆ ಸಾಗುತ್ತದೆ.

ಈಗ ಚಿಕಿತ್ಸೆಯ ಮೇಜಿನ ಮೇಲೆ ಮಲಗಿರುವ ರೋಗಿಯ ಕಡೆಗೆ ಬರೋಣ. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿದೆ. ಹೃದಯವು ನಿಮಿಷಕ್ಕೆ ಹೆಚ್ಚು ಕಡಮೆ ಅಷ್ಟನ್ನೇ ಒತ್ತುತ್ತದೆ. ಅಂದರೆ ರಕ್ತಕಣವೊಂದು ಸುಮಾರು ಒಂದು ನಿಮಿಷದಲ್ಲಿ ದೇಹವನ್ನು ಒಂದು ಸುತ್ತು ಬರುತ್ತದೆ. ಕಿರಣಗಳು ಬೀಳುತ್ತಿರುವ ಕೆಲವೇ ನಿಮಿಷಗಳಲ್ಲಿ ಎಷ್ಟೋ ಕಣಗಳು ಕತ್ತಿನ ನಾಳಗಳಲ್ಲಿ ಹಾದುಹೋಗುತ್ತವೆ. ಹಾದುಹೋಗುವ ಗಳಿಗೆಯಲ್ಲಿ ಅವುಗಳಿಗೂ ಪೆಟ್ಟು ಬೀಳುತ್ತದೆ.

ಬಿರುಸಾಗಿ ವಿಭಜನೆಗೊಳ್ಳುವ ಕೋಶಗಳು ವಿಕಿರಣಕ್ಕೆ ಬೇಗ ಬಲಿಯಾಗುತ್ತವೆ ಎಂಬ ನಿಯಮವನ್ನು 1906ರಲ್ಲಿ ಫ್ರಾನ್ಸಿನ ಬೆರ್ಗೋನಿಯೆ ಮತ್ತು ಟ್ರಿಬೊಂಡೊ ಎಂಬವರು ನಿರೂಪಿಸಿದರು. ದುಗ್ಧಕಣವು ಈ ನಿಯಮಕ್ಕೆ ಅಪವಾದ. ಅದು ವಿಭಜನೆಗೊಳ್ಳದೆ ಸುಮ್ಮನಿರುವಾಗಲೂ ಅತ್ಯಲ್ಪ ವಿಕಿರಣದಿಂದ ಸಾಯುತ್ತದೆ. ಒಂದೆರಡು ಗ್ರೇಯಷ್ಟು ವಿಕಿರಣವೇ ದುಗ್ಧಕಣಗಳಲ್ಲಿ ದೊಡ್ಡ ಪಾಲನ್ನು ಕೊಲ್ಲಲು ಸಾಕು. ಒಂದು ದಿನದಲ್ಲಿ ಪೆಟ್ಟು ತಿನ್ನುವವು ಸ್ವಲ್ಪ; ಆದರೆ ಮರುದಿನ ಬೇರೆ ಕಣಗಳು ಆ ದಾರಿಯಲ್ಲಿ ಬರುತ್ತವೆ, ಅದರ ಮರುದಿನ ಮತ್ತೆ ಬೇರೆಯವು. ಮಿದುಳಿನ ಗೆಡ್ಡೆಗೆ 30 ದಿನ ಕೊಡುವ ವಿಕಿರಣವನ್ನು ಕುರಿತು ಅಮೆರಿಕದ ಸಂಶೋಧಕರು 2013ರಲ್ಲಿ ಒಂದು ಗಣನೆಯನ್ನು ಪ್ರಕಟಿಸಿದರು. ಅದರಂತೆ ಒಂದು ದಿನದ ಚಿಕಿತ್ಸೆಯಲ್ಲಿ ರಕ್ತದ ಶೇಕಡ 5ರಷ್ಟು ಭಾಗಕ್ಕೆ ಮಾತ್ರ ಅರ್ಧ ಗ್ರೇ ವಿಕಿರಣ ತಗಲುತ್ತದೆ. 30 ದಿನಗಳು ಮುಗಿಯುವಷ್ಟರಲ್ಲಿ ಶೇಕಡ 99ರಷ್ಟು ರಕ್ತಕ್ಕೆ ಅರ್ಧ ಗ್ರೇ ಅಥವಾ ಅದಕ್ಕಿಂತ ಹೆಚ್ಚು ತಗಲಿರುತ್ತದೆ. ತಲೆಗೆ ಕೊಟ್ಟ ಚಿಕಿತ್ಸೆ ಮೈಯ ರಕ್ತಕ್ಕೆಲ್ಲ ಮುಟ್ಟುವುದೆಂದರೆ ಹೀಗೆ.

ಗರ್ಭಕೊರಳಿನ ಕ್ಯಾನ್ಸರಿನಲ್ಲಿ ನಷ್ಟಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ವಯಸ್ಕರಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಮಜ್ಜೆಯ ದೊಡ್ಡ ಪಾಲು ಇರುವುದು ಸೊಂಟದ ಮೂಳೆ ಮತ್ತು ಬೆನ್ನುಮೂಳೆಗಳಲ್ಲಿ. ಕಿಬ್ಬೊಟ್ಟೆಗೆ ವಿಕಿರಣ ಕೊಡುವಾಗ ಈ ಮಜ್ಜೆಗೂ ಕಿರಣಗಳು ತಗಲುತ್ತವೆ. ದಾರಿಯಲ್ಲಿದ್ದವರು ಸಾಯುವುದಷ್ಟೇ ಅಲ್ಲ, ಹೊಸಬರು ಹುಟ್ಟುವುದೂ ಕುಗ್ಗುತ್ತದೆ. ವಿಕಿರಣದ ಜೊತೆಗೆ ಔಷಧವನ್ನೂ ಕೊಟ್ಟರೆ ಕಣಗಳು ಇನ್ನಷ್ಟು ಇಳಿಯುತ್ತವೆ. ರಕ್ತವನ್ನು ಆಗಾಗ ಪರೀಕ್ಷಿಸುವುದು ಈ ಇಳಿತವನ್ನು ತಿಳಿಯುವುದಕ್ಕಾಗಿ. ಚಿಕಿತ್ಸೆ ಮುಗಿದ ಮೇಲೆ ಇತರ ಬಿಳಿಯ ಕಣಗಳು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮೊದಲಿನ ಸ್ಥಿತಿಗೆ ಬರುತ್ತವೆ. ದುಗ್ಧಕಣಗಳು ಪೂರ್ತಿಯಾಗಿ ತುಂಬಿಕೊಳ್ಳಲು ತಿಂಗಳುಗಳು ಬೇಕು, ಕೆಲವರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಇಷ್ಟನ್ನು ಮಾತ್ರ ಓದಿದರೆ ವಿಕಿರಣವು ಕಾವಲುಗಾರರ ಶತ್ರುವೆಂದೇ ತೋರಬಹುದು. ಆದರೆ ಇದು ಕಥೆಯ ಅರ್ಧ ಭಾಗ. ಇನ್ನರ್ಧವನ್ನು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಒಂದು ಹಳೆಯ ಪದ್ಧತಿಯಿಂದ ತಿಳಿಯಬಹುದು. ಅವರು ಹಿಂದೆ ಬೇಸಗೆಯ ಆರಂಭದಲ್ಲಿ ಕಾಡಿನ ನೆಲದ ಒಣಗಿದ ಎಲೆಗಳಿಗೆ ಸಣ್ಣದಾಗಿ ಬೆಂಕಿ ಇಡುತ್ತಿದ್ದರು. ಇದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ಅದರಿಂದ ಕಳೆ ಸುಡುತ್ತಿತ್ತು. ಸುಟ್ಟ ನೆಲದಲ್ಲಿ ಎಳೆಯ ಹುಲ್ಲು ಚಿಗುರಿದಾಗ ಆ ಚಿಗುರನ್ನು ಅರಸಿ ಜಿಂಕೆ, ಕಡವೆಗಳು ಬರುತ್ತಿದ್ದವು. ಬೆಂಕಿ ಬಿದ್ದ ಜಾಗ ಬರಿದಾಗುವುದಕ್ಕೆ ಬದಲು ಸಂಚಾರದ ಕೇಂದ್ರವಾಗುತ್ತಿತ್ತು. ವಿಕಿರಣ ಬಿದ್ದ ಗೆಡ್ಡೆಯಲ್ಲಿಯೂ ಇಂಥದೇ ಒಂದು ಕರೆ ಹುಟ್ಟುತ್ತದೆ.

ಆ ಕರೆಯು ಹುಟ್ಟುವ ಬಗೆ ಸ್ವಾರಸ್ಯವಾಗಿದೆ. ಸಾಯುತ್ತಿರುವ ಕ್ಯಾನ್ಸರ್ ಕೋಶವು ತನ್ನ ಒಳಗಿದ್ದ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ಮೈಮೇಲೆ ಹೊರಚಾಚುತ್ತದೆ. ಅದು ಭಕ್ಷಕ ಕೋಶಗಳಿಗೆ ‘ನನ್ನನ್ನು ತಿನ್ನು’ ಎಂಬ ಸಂಕೇತ. ಮುರಿದ ಡಿಎನ್‌ಎಯ ಚೂರುಗಳು ಇರಬಾರದ ಜಾಗದಲ್ಲಿ ಕಂಡುಬಂದಾಗ, ವೈರಸ್ಸು ಹೊಕ್ಕಿತೆಂಬಂತೆ ಕೋಶವು ಎಚ್ಚತ್ತು ಇಂಟರ್‌ಫೆರಾನ್ ಎಂಬ ಅಪಾಯಸೂಚಕ ವಸ್ತುವನ್ನು ಸ್ರವಿಸುತ್ತದೆ. ಸುತ್ತಲಿನ ರಕ್ತನಾಳಗಳ ಗೋಡೆಯಲ್ಲಿ ಹಿಡಿಕೆಗಳು ಹೆಚ್ಚುತ್ತವೆ, ಕೀಮೊಕೈನ್‌ಗಳು ಹೊಮ್ಮುತ್ತವೆ. ಆಗ ಕಣಗಳು ಒಂದರ ಹಿಂದೆ ಒಂದು ಬರತೊಡಗುತ್ತವೆ. ಮೊದಲ ಒಂದೆರಡು ದಿನಗಳಲ್ಲಿ ಬರುವವು ನ್ಯೂಟ್ರೊಫಿಲ್‌ಗಳು. ಅವುಗಳ ಬೆನ್ನಿಗೆ ಮಾನೊಸೈಟುಗಳು. ಡೆಂಡ್ರೈಟಿಕ್ ಕೋಶಗಳು ಸತ್ತ ಕ್ಯಾನ್ಸರ್ ಕೋಶದ ತುಣುಕುಗಳನ್ನು ಆಯ್ದುಕೊಂಡು, ದುಗ್ಧನಾಳದ ದಾರಿ ಹಿಡಿದು, ಸಮೀಪದ ದುಗ್ಧಗ್ರಂಥಿಗೆ ನಡೆಯುತ್ತವೆ. ಅಲ್ಲಿ ತಂಗಿರುವ ಸಾವಿರಾರು ಟಿ ಕಣಗಳಿಗೆ ಆ ತುಣುಕನ್ನು ತೋರಿಸುತ್ತವೆ. ಅದನ್ನು ಗುರುತಿಸಬಲ್ಲ ಟಿ ಕಣವು ದೊರೆತರೆ ಅದು ಕೆಲವೇ ದಿನಗಳಲ್ಲಿ ತನ್ನಂಥ ಸಾವಿರಾರು ಕಣಗಳಾಗಿ ವೃದ್ಧಿಯಾಗುತ್ತದೆ. ಆ ದಂಡು ಗ್ರಂಥಿಯನ್ನು ಬಿಟ್ಟು ದುಗ್ಧರಸದೊಡನೆ ರಕ್ತಕ್ಕೆ ಬಂದು, ರಕ್ತದಿಂದ ಗೆಡ್ಡೆಗೆ ಇಳಿಯುತ್ತದೆ. ಗೆಡ್ಡೆಯೊಳಗೆ ಮೊದಲೇ ನೆಲೆಸಿದ್ದ ಟಿ ಕಣಗಳು ರಕ್ತದಲ್ಲಿ ತಿರುಗುವ ತಮ್ಮ ಬಂಧುಗಳಿಗಿಂತ ವಿಕಿರಣವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ ಎಂಬುದು 2019ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಿಂದ ತಿಳಿದುಬಂದಿದೆ. ಹೊಸ ದಂಡು ಬರುವವರೆಗೆ ಈ ಹಳೆಯ ಕಾವಲಿನವು ಹೋರಾಟವನ್ನು ನಡೆಸುತ್ತಿರುತ್ತವೆ.

ಆದರೆ ಕರೆಯನ್ನು ಕೇಳಿ ಬರುವವರೆಲ್ಲರೂ ಮಿತ್ರರಲ್ಲ. ವಿಕಿರಣ ಬಿದ್ದ ಗೆಡ್ಡೆಯು ಹೋರಾಟವನ್ನು ತಣಿಸುವ ವಸ್ತುಗಳನ್ನೂ ಹೊರಸೂಸುತ್ತದೆ. ಕೆಲವು ಮಾನೊಸೈಟುಗಳು ಅಲ್ಲಿಗೆ ಬಂದು ಗೆಡ್ಡೆಗೇ ಊಳಿಗ ಮಾಡುವ ಭಕ್ಷಕ ಕೋಶಗಳಾಗಿ ಮಾರ್ಪಡುತ್ತವೆ. ಹೊಸ ರಕ್ತನಾಳಗಳನ್ನು ಬೆಳೆಸಲು ನೆರವಾಗುತ್ತವೆ. ಟಿ ಕಣಗಳಲ್ಲಿಯೇ ನಿಯಂತ್ರಕ ಕಣಗಳೆಂಬ ಒಂದು ಪಂಗಡವಿದೆ. ಇತರ ಟಿ ಕಣಗಳ ಉಗ್ರತೆಯನ್ನು ತಡೆಯುವುದು ಅವುಗಳ ಕೆಲಸ. ಅವು ವಿಕಿರಣವನ್ನು ತಕ್ಕಮಟ್ಟಿಗೆ ಸಹಿಸಿಕೊಂಡು ಗೆಡ್ಡೆಯಲ್ಲಿ ಉಳಿಯುತ್ತವೆ. ಆದುದರಿಂದ ಒಂದೇ ಚಿಕಿತ್ಸೆಯಿಂದ ಒಬ್ಬ ರೋಗಿಯಲ್ಲಿ ದೇಹದ ರಕ್ಷಣೆ ಚುರುಕುಗೊಳ್ಳುತ್ತದೆ, ಇನ್ನೊಬ್ಬನಲ್ಲಿ ಮಂಕಾಗುತ್ತದೆ.

ರಕ್ಷಣೆ ಚುರುಕುಗೊಂಡಾಗ ಅಪರೂಪಕ್ಕೆ ಒಂದು ಆಶ್ಚರ್ಯ ನಡೆಯುತ್ತದೆ. ಒಂದು ಗೆಡ್ಡೆಗೆ ಮಾತ್ರ ವಿಕಿರಣ ಕೊಟ್ಟಿದ್ದರೂ ಕಿರಣವೇ ತಗಲದ, ದೂರದ ಇನ್ನೊಂದು ಗೆಡ್ಡೆಯೂ ಕುಗ್ಗುತ್ತದೆ. 1953ರಲ್ಲಿ ಮೋಲ್ ಎಂಬ ವೈದ್ಯವಿಜ್ಞಾನಿ ಇಂತಹ ದೂರದ ಪರಿಣಾಮಕ್ಕೆ ‘ಆಬ್‌ಸ್ಕೋಪಲ್’ ಎಂದು ಹೆಸರಿಟ್ಟನು. ಒಂದು ಕಡೆ ಪಾಠ ಕಲಿತ ಟಿ ಕಣಗಳು ರಕ್ತದೊಡನೆ ಸಂಚರಿಸಿ ಇನ್ನೊಂದು ಕಡೆ ಅದೇ ಶತ್ರುವನ್ನು ಗುರುತಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ಈಗ ತಿಳಿಯಲಾಗಿದೆ. ಟಿ ಕಣಗಳಿಗೆ ದೇಹವು ಹಾಕಿರುವ ತಡೆಗಳನ್ನು ಸಡಿಲಿಸುವ ಔಷಧಗಳಿಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಬಗೆಯ ಔಷಧವನ್ನು ಪಡೆಯುತ್ತಿದ್ದ ಚರ್ಮದ ಕ್ಯಾನ್ಸರಿನ ಒಬ್ಬ ರೋಗಿಗೆ ಒಂದು ಗೆಡ್ಡೆಗೆ ವಿಕಿರಣ ಕೊಟ್ಟ ಬಳಿಕ ಇತರ ಗೆಡ್ಡೆಗಳೂ ಕುಗ್ಗಿದ ಸಂಗತಿ 2012ರಲ್ಲಿ ವರದಿಯಾಯಿತು.

ಹಾಗೆಂದು ಈ ಜೋಡಿಯು ಎಲ್ಲ ಕಡೆ ಫಲ ಕೊಟ್ಟಿಲ್ಲ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿನಲ್ಲಿ ವಿಕಿರಣ ಮತ್ತು ಔಷಧಗಳ ಚಿಕಿತ್ಸೆಗೆ ಅವೆಲುಮ್ಯಾಬ್ ಎಂಬ ಇಂತಹ ಔಷಧವನ್ನು ಸೇರಿಸಿ ನೋಡಿದ ದೊಡ್ಡ ಪ್ರಯೋಗವೊಂದರಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಇದಕ್ಕೆ ವಿಜ್ಞಾನಿಗಳು ಊಹಿಸುವ ಕಾರಣಗಳಲ್ಲಿ ಒಂದು ಕಣಗಳ ಸಂಚಾರಕ್ಕೇ ಸಂಬಂಧಿಸಿದ್ದು. ಇಂತಹ ಚಿಕಿತ್ಸೆಯಲ್ಲಿ ರೋಗ ಹರಡೀತೆಂಬ ಕಾರಣದಿಂದ ಕತ್ತಿನ ದುಗ್ಧಗ್ರಂಥಿಗಳಿಗೂ ವಿಕಿರಣವನ್ನು ಕೊಡುತ್ತಾರೆ. ಟಿ ಕಣಗಳು ಪಾಠ ಕಲಿಯುವ ಶಾಲೆಯೂ ಅದೇ ಗ್ರಂಥಿ. ಶಾಲೆಗೇ ಪೆಟ್ಟು ಬಿದ್ದರೆ ಕಲಿಕೆ ನಡೆಯುವುದೆಲ್ಲಿ? ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಫಲಿತಾಂಶ ಬೇರೆಯಾಯಿತು. ಮುಂದುವರಿದ ಸ್ಥಿತಿಯಲ್ಲಿದ್ದ ರೋಗಿಗಳಿಗೆ ವಿಕಿರಣ ಚಿಕಿತ್ಸೆಯೊಡನೆ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧವನ್ನು ಕೊಟ್ಟಾಗ ಆಯುಷ್ಯ ಹೆಚ್ಚಿತೆಂದು 2024ರಲ್ಲಿ ಪ್ರಕಟವಾಯಿತು. ಈ ಔಷಧಗಳ ಬೆಲೆ ಬಡವರ ಕೈಗೆ ಎಟುಕದಷ್ಟು ಹೆಚ್ಚು. ಆದುದರಿಂದ ಕಾವಲುಗಾರರ ದಾರಿಯನ್ನು ಉಳಿಸಿಕೊಂಡು ವಿಕಿರಣ ಕೊಡುವ ಉಪಾಯಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಕಿರಣ ಬೀಳುವ ಪ್ರದೇಶವನ್ನು ಕಿರಿದುಗೊಳಿಸುವುದು, ಮಜ್ಜೆಯನ್ನೂ ದೊಡ್ಡ ರಕ್ತನಾಳಗಳನ್ನೂ ಸಾಧ್ಯವಾದಷ್ಟು ಬದಿಗಿರಿಸುವುದು, ಚಿಕಿತ್ಸೆಯ ದಿನಗಳ ಸಂಖ್ಯೆಯನ್ನು ತಗ್ಗಿಸುವುದು ಇವೇ ಮೊದಲಾದವು ಆ ಉಪಾಯಗಳು.

ಇಷ್ಟೆಲ್ಲ ವಿಜ್ಞಾನದಿಂದ ಹನೂರಿನ ಕಾಡಂಚಿನ ಹಳ್ಳಿಯ ಒಬ್ಬ ರೋಗಿಗೆ ಆಗುವ ಪ್ರಯೋಜನವೇನು? ಪ್ರಯೋಜನವಿದೆ. ಮೂರನೆಯ ಅಥವಾ ನಾಲ್ಕನೆಯ ವಾರದ ವೇಳೆಗೆ ಬಾಯಿ ಹುಣ್ಣಾಗುತ್ತದೆ, ಅನ್ನ ಸೇರುವುದಿಲ್ಲ, ದುಡಿಮೆ ನಿಂತು ಕೈಯಲ್ಲಿ ಕಾಸಿರುವುದಿಲ್ಲ, ಊರಿನ ನೆನಪು ಎಳೆಯುತ್ತದೆ. ಗೆಡ್ಡೆ ಕುಗ್ಗಿರುವುದನ್ನು ಕಂಡು ‘ಇನ್ನು ಸಾಕು’ ಎಂದು ಬಸ್ಸು ಹತ್ತುವವರುಂಟು. ಇದು ಅಪಾಯಕರ. ಪೆಟ್ಟು ನಿಂತ ಒಡನೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಬಿರುಸಾಗಿ ಬೆಳೆಯತೊಡಗುತ್ತವೆ. ಇತ್ತ ಕಾವಲುಗಾರರ ಸಂಖ್ಯೆ ಆಗ ತೀರ ಕಡಮೆಯಿರುತ್ತದೆ. ಕಾವಲು ಸೊರಗಿದ ಹೊತ್ತಿನಲ್ಲಿಯೇ ಶತ್ರುವಿಗೆ ಬಿಡುವು ಕೊಟ್ಟಂತಾಗುತ್ತದೆ. ಚಿಕಿತ್ಸೆಯನ್ನು ನಿಲ್ಲಿಸಬೇಕೆ, ಮುಂದುವರಿಸಬೇಕೆ ಎಂಬುದನ್ನು ರಕ್ತದ ಲೆಕ್ಕವನ್ನು ನೋಡಿ ವೈದ್ಯರು ನಿರ್ಧರಿಸಬೇಕೇ ಹೊರತು ಬೇಸರವು ನಿರ್ಧರಿಸಬಾರದು.

ಹಾಗೆಯೇ ಈ ದಿನಗಳಲ್ಲಿ ಬರುವ ಜ್ವರವನ್ನು ‘ಕರೆಂಟಿನ ಉಷ್ಣ’ವೆಂದು ತಳ್ಳಿಹಾಕಬಾರದು. ಕಣಗಳು ಕಡಮೆಯಾದ ದೇಹದಲ್ಲಿ ಸಣ್ಣ ಸೋಂಕೂ ಬೇಗ ಬಲಿಯುತ್ತದೆ. ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು. ಕಾಯಿಸಿ ಆರಿಸಿದ ನೀರು, ಮೃದುವಾದ ಪುಷ್ಟಿಕರ ಆಹಾರ, ಬಾಯಿಯ ಶುಚಿ, ಹೊಗೆಸೊಪ್ಪಿನ ಸಂಪೂರ್ಣ ತ್ಯಾಗ ಇವು ರೋಗಿಯ ಕೈಯಲ್ಲಿರುವ ಸಾಧನಗಳು. ಚಿಕಿತ್ಸೆ ಮುಗಿದು ಊರಿಗೆ ಮರಳಿದ ಮೇಲೂ ಹೇಳಿದ ದಿನಗಳಲ್ಲಿ ಹೋಗಿ ತೋರಿಸಿಕೊಳ್ಳಬೇಕು. ಕಿರಣಗಳ ಕೆಲಸ ಮುಗಿದಿದ್ದರೂ ಕಣಗಳು ಮತ್ತೆ ತುಂಬಿಕೊಳ್ಳುವ ಕೆಲಸ ಆಗ ನಡೆದೇ ಇರುತ್ತದೆ.

ತೋಳಿನಿಂದ ತೆಗೆದ ಆ ಕೆಲವು ಹನಿ ರಕ್ತವು ವೈದ್ಯರಿಗೆ ತಿಳಿಸುವುದು ಇದನ್ನೇ: ದಾರಿಯಲ್ಲಿ ಎಷ್ಟು ಕಾವಲುಗಾರರು ಉಳಿದಿದ್ದಾರೆ, ಹೊಸಬರು ಬರುತ್ತಿದ್ದಾರೆಯೆ, ಅವರನ್ನು ನಂಬಿ ಮರುದಿನದ ಚಿಕಿತ್ಸೆಯನ್ನು ಕೊಡಬಹುದೆ ಎಂದು. ಅದನ್ನು ಅರಿತ ರೋಗಿಯೂ ಅವನ ಮನೆಯವರೂ ಸೂಜಿಗೆ ಅಂಜಿ ಹಿಂಜರಿಯುವುದಿಲ್ಲ. ಆರು ವಾರಗಳ ದೀರ್ಘವಾದ ದಾರಿಯನ್ನು ಕೊನೆಯವರೆಗೂ ನಡೆಯುತ್ತಾರೆ.